ಆನ್‌ಲೈನ್ ರಮ್ಮಿ: ವರ್ತಕರ ಜಮಾ-ಖರ್ಚಿನ ದೃಷ್ಟಿಯಲ್ಲಿ

ಚಿತ್ತಾಪುರ ತಾಲ್ಲೂಕಿನ ದಂಡೋತಿ, ಕಾಗಿಣಾ ನದಿಯ ದಂಡೆಯ ಗ್ರಾಮ. ಅದರ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿಗಳ ವ್ಯಾಪಾರವು ಮುಖ್ಯವಾಗಿ ಮೂರು ಆಧಾರಗಳ ಮೇಲೆ ನಿಂತಿದೆ: ಸಿಮೆಂಟು, ಹಾಸುಗಲ್ಲು ಮತ್ತು ತೊಗರಿ. ಶಹಾಬಾದ ಕಲ್ಲು ದೇಶದಲ್ಲೆಲ್ಲ ಹೆಸರಾಗಿದೆ. ಈ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಈ ಮೂರರ ಸುತ್ತ ಬೆಳೆದಿರುವ ಕಿರಾಣಿ ಅಂಗಡಿ, ಅಡತಿ, ಬೇಳೆ ಗಿರಣಿ, ಕಲ್ಲು ಪಾಲಿಶ್ ಘಟಕ, ಲಾರಿ ಸಾಗಣೆ ಮುಂತಾದ ಸಣ್ಣ ಉದ್ದಿಮೆಗಳೆಲ್ಲವೂ ಕಡಿಮೆ ಲಾಭಾಂಶ ಮತ್ತು ಹೆಚ್ಚು ಉದ್ರಿಯ ಮೇಲೆ ನಡೆಯುತ್ತವೆ. ಇಂತಹ ವ್ಯಾಪಾರದಲ್ಲಿ ದುಡಿಯುವ ಬಂಡವಾಳವೇ ಜೀವಾಳ. ಅದು ಎಲ್ಲಿ ಸೋರುತ್ತದೆ ಎಂಬುದನ್ನು ವರ್ತಕನು ಸದಾ ಗಮನಿಸುತ್ತಿರಬೇಕಾಗುತ್ತದೆ.

ಕಳೆದ ಒಂದು ದಶಕದಲ್ಲಿ ಈ ಸೋರಿಕೆಗೆ ಹೊಸದೊಂದು ದಾರಿ ತೆರೆದುಕೊಂಡಿತು. ಮೊದಲು ದೀಪಾವಳಿಯಲ್ಲಿಯೋ ಯುಗಾದಿಯಲ್ಲಿಯೋ ಗೆಳೆಯರ ನಡುವೆ ನಡೆಯುತ್ತಿದ್ದ ಇಸ್ಪೀಟಾಟವು ಬಹುಮಾನದ ಆಸೆಯೊಡನೆ ಮೊಬೈಲ್ ಫೋನಿನೊಳಗೆ ಬಂದಿತು. ಈ ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ನೀತಿಯ ಚರ್ಚೆ ಬಹಳ ನಡೆದಿದೆ. ಕೌಶಲವೋ ಅದೃಷ್ಟವೋ ಎಂಬ ಕಾನೂನಿನ ಚರ್ಚೆಯೂ ಐವತ್ತು ವರ್ಷಗಳಿಗೂ ಮಿಗಿಲಾಗಿ ನಡೆದಿದೆ. ಆದರೆ ವರ್ತಕರು ಪ್ರತಿ ವ್ಯವಹಾರದಲ್ಲಿಯೂ ಕೇಳುವ ಸರಳ ಪ್ರಶ್ನೆಯನ್ನು ಇಲ್ಲಿ ಕೇಳಿದವರು ಕಡಿಮೆ. ಅದೆಂದರೆ, ಈ ವ್ಯವಹಾರದಲ್ಲಿ ದಲಾಲಿ ಎಷ್ಟು, ಮತ್ತು ಅದನ್ನು ಕೊಡುವವರು ಯಾರು?

ಎರಡು ಆಟ, ಎರಡು ಸ್ವರೂಪ

ಎಲೆಗಳನ್ನು ಒಂದಕ್ಕೊಂದು ಕೂಡಿಸುವ ಆಟಗಳಲ್ಲಿ ಈ ಭಾಗದಲ್ಲಿ ಹೆಚ್ಚು ಪರಿಚಿತವಾದವು ಎರಡು. ಮೊದಲನೆಯದು ಅಂದರ್ ಬಾಹರ್. ಕಟ್ಟಿನಿಂದ ಒಂದು ಎಲೆಯನ್ನು ತೆರೆದಿಟ್ಟು, ಉಳಿದ ಎಲೆಗಳನ್ನು ಒಳಗೆ-ಹೊರಗೆ ಎಂದು ಒಂದೊಂದಾಗಿ ಹಾಕುತ್ತ ಹೋಗುವುದು. ತೆರೆದ ಎಲೆಯ ಜೋಡಿ ಯಾವ ಕಡೆ ಬೀಳುತ್ತದೆಯೋ ಆ ಕಡೆ ಹಣ ಕಟ್ಟಿದವನು ಗೆದ್ದಂತೆ. ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಂಭವ ಸುಮಾರು ಶೇ. 51.5, ಇನ್ನೊಂದು ಕಡೆಗೆ ಶೇ. 48.5. ಆಡುವವನು ಇದರಲ್ಲಿ ಮಾಡುವಂಥದ್ದು ಏನೂ ಇಲ್ಲ. ಇದು ಪೂರ್ತಿಯಾಗಿ ಅದೃಷ್ಟದ ಆಟ.

ಎರಡನೆಯದು ರಮ್ಮಿ. ಹದಿಮೂರು ಎಲೆಗಳನ್ನು ಕೈಯಲ್ಲಿ ಹಿಡಿದು, ಒಂದೇ ಬಣ್ಣದ ಎಲೆಗಳನ್ನು ಅನುಕ್ರಮವಾಗಿ ಸರಣಿಯಾಗಿಯೂ, ಒಂದೇ ಅಂಕಿಯ ಎಲೆಗಳನ್ನು ಗುಂಪಾಗಿಯೂ ಜೋಡಿಸಬೇಕು. ಎರಡು ಸರಣಿಗಳಾದರೂ ಇರಬೇಕು. ಅವುಗಳಲ್ಲಿ ಒಂದು ಜೋಕರ್ ಇಲ್ಲದ ಶುದ್ಧ ಸರಣಿಯಾಗಿರಬೇಕು. ಎದುರಾಳಿ ಯಾವ ಎಲೆ ಎತ್ತಿದ, ಯಾವುದನ್ನು ಬಿಟ್ಟ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ತನ್ನ ಕೈಯನ್ನು ಕಟ್ಟಬೇಕು. ಬಂದ ಎಲೆ ಅದೃಷ್ಟ. ಅದನ್ನು ಬಳಸುವುದು ಬುದ್ಧಿ. ಈ ವ್ಯತ್ಯಾಸದ ಮೇಲೆಯೇ ನಮ್ಮ ದೇಶದ ಕಾನೂನು ಬಹುಕಾಲ ನಿಂತಿತ್ತು.

ಸಿಕಂದರಾಬಾದಿನ ಪ್ರಕರಣ

ರಮ್ಮಿಯ ಕುರಿತ ಪ್ರಮುಖ ತೀರ್ಪು ಈ ಪ್ರದೇಶಕ್ಕೆ ದೂರದ್ದಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಹೋಗುವ ರೈಲು ಮುಟ್ಟುವ ಸಿಕಂದರಾಬಾದಿನ ಒಂದು ಮನರಂಜನಾ ಕ್ಲಬ್ಬಿನಲ್ಲಿ ಹಣವಿಟ್ಟು ರಮ್ಮಿ ಆಡುತ್ತಿದ್ದರೆಂದು ಪೊಲೀಸರು ಮೊಕದ್ದಮೆ ಹೂಡಿದ್ದರು. ಮೊಕದ್ದಮೆ ನಡೆದದ್ದು ನಿಜಾಮರ ಕಾಲದಿಂದ ಬಂದ ಹೈದರಾಬಾದ್ ಜೂಜು ಕಾಯ್ದೆಯ ಅಡಿಯಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಚಿತ್ತಾಪುರ, ಸೇಡಂ ಭಾಗಗಳೂ ಅದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆಂಧ್ರ ಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಎಂಬ ಹೆಸರಿನ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1967ರ ನವೆಂಬರಿನಲ್ಲಿ ತೀರ್ಪು ನೀಡಿತು. ರಮ್ಮಿಯಲ್ಲಿ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಬೇಕು. ಆದ್ದರಿಂದ ಅದು ಪ್ರಧಾನವಾಗಿ ಕೌಶಲದ ಆಟ ಎಂದು ನ್ಯಾಯಾಲಯ ಹೇಳಿತು. ಕ್ಲಬ್ಬು ತನ್ನ ಸೌಕರ್ಯಗಳಿಗಾಗಿ ಪಡೆಯುವ ಅಲ್ಪ ಶುಲ್ಕವನ್ನೂ ಜೂಜಿನ ಲಾಭವೆಂದು ಎಣಿಸಲಿಲ್ಲ.

ಮುಂದಿನ ಐವತ್ತು ವರ್ಷ ಎಲ್ಲರೂ ಈ ತೀರ್ಪಿನ ಮೊದಲ ಭಾಗವನ್ನೇ ಉದ್ಧರಿಸಿದರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು. ಹಣವಿಟ್ಟು ಆಡುವ ರಮ್ಮಿಯಿಂದ ಸ್ಥಳದ ಮಾಲೀಕನಾಗಲಿ ಕ್ಲಬ್ಬಾಗಲಿ ಲಾಭ ಗಳಿಸುತ್ತಿದ್ದರೆ ಅಪರಾಧ ಸಾಬೀತಾಗಬಹುದು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತ್ತು. ಅಂದರೆ ಆಟದ ಗುಣವೊಂದೇ ಅಲ್ಲ, ಆಟ ನಡೆಸುವವನ ಗಳಿಕೆಯೂ ಪರಿಶೀಲನೆಗೆ ಅರ್ಹವೆಂದು 1967ರಲ್ಲಿಯೇ ಗುರುತಿಸಲಾಗಿತ್ತು. ವರ್ತಕರಿಗೆ ಮುಖ್ಯವಾದದ್ದು ಈ ಎರಡನೆಯ ಭಾಗವೇ.

ಗಡಿಯ ಆಚೆ ಒಂದು ಕಾನೂನು, ಈಚೆ ಒಂದು

2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಬಂದಿತು. ಅದೇ ವರ್ಷ ಮೊಬೈಲ್ ಡೇಟಾ ದರ ತೀವ್ರವಾಗಿ ಇಳಿಯಿತು. ಇವೆರಡೂ ಸಣ್ಣ ಊರಿನ ವ್ಯಾಪಾರಕ್ಕೆ ದೊಡ್ಡ ಅನುಕೂಲ ಮಾಡಿಕೊಟ್ಟವು. ಅದೇ ಅನುಕೂಲವನ್ನು ಆನ್‌ಲೈನ್ ರಮ್ಮಿ ಕಂಪನಿಗಳೂ ಬಳಸಿಕೊಂಡವು. ಕ್ಲಬ್ಬಿಗೆ ಹೋಗುವ, ಗೆಳೆಯರನ್ನು ಸೇರಿಸುವ, ನಗದು ಎಣಿಸುವ ಅಗತ್ಯವೇ ಉಳಿಯಲಿಲ್ಲ.

ತೆಲಂಗಾಣ ಸರ್ಕಾರವು 2017ರಲ್ಲಿ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು, ಹಣವಿಟ್ಟು ಆಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ಹೀಗಾಗಿ ಸೇಡಂ, ಚಿಂಚೋಳಿ ತಾಲ್ಲೂಕುಗಳ ಗಡಿಯಾಚೆ ನಿಷಿದ್ಧವಾದ ಆಟವು ಗಡಿಯ ಈಚೆ ಮುಕ್ತವಾಗಿತ್ತು. ಕರ್ನಾಟಕವೂ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರಿನಿಂದ ನಿಷೇಧ ಜಾರಿಗೊಳಿಸಿತು. ಆದರೆ 2022ರ ಫೆಬ್ರವರಿ 14ರಂದು ರಾಜ್ಯ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. ಕೌಶಲದ ಆಟವನ್ನು ಅದೃಷ್ಟದ ಆಟದೊಂದಿಗೆ ಸಮೀಕರಿಸಲಾಗದು ಎಂಬುದು ಆ ತೀರ್ಪಿನ ತಿರುಳು. ಐದು ತಿಂಗಳೂ ತುಂಬದ ನಿಷೇಧ ಕೊನೆಗೊಂಡಿತು.

ದಲಾಲಿಯ ಲೆಕ್ಕ

ಈಗ ಮೂಲ ಪ್ರಶ್ನೆಗೆ ಬರಬಹುದು. ಮನೆಯ ಜಗುಲಿಯ ಮೇಲೆ ಆರು ಜನ ತಲಾ 100 ರೂಪಾಯಿ ಹಾಕಿ ಆಡಿದರೆ 600 ರೂಪಾಯಿ ಸೇರುತ್ತದೆ, ಗೆದ್ದವನು 600 ರೂಪಾಯಿ ಒಯ್ಯುತ್ತಾನೆ. ಒಬ್ಬನ ಖರ್ಚು ಇನ್ನೊಬ್ಬನ ಜಮಾ. ಒಟ್ಟು ಹಣ ಆ ಆರು ಜನರಲ್ಲಿಯೇ ಉಳಿಯುತ್ತದೆ.

ಕಂಪನಿ ನಡೆಸುವ ಆಟದಲ್ಲಿ ಹಾಗಲ್ಲ. ಪ್ರತಿ ಆಟದಲ್ಲಿ ಸೇರಿದ ಮೊತ್ತದಿಂದ ಕಂಪನಿ ತನ್ನ ಶುಲ್ಕವನ್ನು ಮೊದಲೇ ಕಡಿದುಕೊಳ್ಳುತ್ತದೆ. ಈ ಶುಲ್ಕ ಶೇ. 10 ಎಂದಿಟ್ಟುಕೊಳ್ಳೋಣ. 600 ರೂಪಾಯಿಯಲ್ಲಿ 60 ಕಂಪನಿಗೆ, 540 ಗೆದ್ದವನಿಗೆ. ಸೋತ ಐವರು ಕಳೆದುಕೊಂಡದ್ದು 500. ಗೆದ್ದವನಿಗೆ ಬಂದ ನಿವ್ವಳ 440. ಪ್ರತಿ ಆಟದಲ್ಲಿ ಆರು ಜನರ ಒಟ್ಟು ಖಾತೆಗೆ 60 ರೂಪಾಯಿ ಖರ್ಚು.

ಇಬ್ಬರೇ ತಲಾ 100 ರೂಪಾಯಿ ಹಾಕಿ ಆಡಿದರೆ ಗೆದ್ದವನಿಗೆ ಸಿಗುವುದು 180, ಅಂದರೆ ನಿವ್ವಳ 80. ಸೋತವನಿಗೆ ನಷ್ಟ ಪೂರ್ತಿ 100. ಹೀಗಿರುವಾಗ ಲಾಭ-ನಷ್ಟವಿಲ್ಲದೆ ಸಮವಾಗಿ ಉಳಿಯಬೇಕಾದರೂ ನೂರು ಆಟಗಳಲ್ಲಿ ಸುಮಾರು 56 ಆಟ ಗೆಲ್ಲಲೇಬೇಕು. ಸಮಬಲದ ಎದುರಾಳಿಯ ವಿರುದ್ಧ ಐವತ್ತನ್ನು ಗೆಲ್ಲುವುದು ಸಹಜ; ಐವತ್ತಾರನ್ನು ಸದಾಕಾಲ ಗೆಲ್ಲುವುದು ಕಷ್ಟ. ಬಹಳ ಚತುರರಾದ ಕೆಲವರು ಇದನ್ನು ಸಾಧಿಸಬಹುದು. ಆದರೆ ಅವರು ಗೆಲ್ಲುವ ಹಣ ಬರುವುದು ಕಂಪನಿಯಿಂದಲ್ಲ, ಅಷ್ಟು ಚತುರರಲ್ಲದ ಉಳಿದವರಿಂದ.

ಇದರ ಪರಿಣಾಮ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಸಮಬಲದ ಆಟಗಾರರ ಒಂದು ಗುಂಪು ತನ್ನಲ್ಲಿರುವ ಹಣವನ್ನೆಲ್ಲ ಹತ್ತು ಸುತ್ತು ಪಣವಾಗಿ ತಿರುಗಿಸಿದರೆ, ಪ್ರತಿ ಸುತ್ತಿಗೆ ಶೇ. 10ರಂತೆ ಕಳೆದು, ನೂರು ರೂಪಾಯಿಯಲ್ಲಿ ಉಳಿಯುವುದು ಸುಮಾರು 35 ರೂಪಾಯಿ. ಮಿಕ್ಕ 65 ರೂಪಾಯಿ ಕೌಶಲವಿದ್ದವನಿಗೂ ಹೋಗಲಿಲ್ಲ, ಅದೃಷ್ಟವಿದ್ದವನಿಗೂ ಹೋಗಲಿಲ್ಲ. ಆಟ ನಡೆಸಿದವನಿಗೆ ಹೋಯಿತು. ಒಂದು ಸಂಜೆಯಲ್ಲಿ ಹತ್ತು ಸುತ್ತು ಮೊಬೈಲಿನಲ್ಲಿ ಹೆಚ್ಚೇನಲ್ಲ. ಜಗುಲಿಯ ಆಟಕ್ಕೆ ಎಲೆ ಕಲಸುವ, ಹಂಚುವ, ಚಹಾ ಕುಡಿಯುವ ನಿಧಾನವಿತ್ತು. ಅಲ್ಲಿ ದಲಾಲಿಯೂ ಇರಲಿಲ್ಲ.

ಬಹುಮಾನದ ಪಂದ್ಯಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 45,000 ರೂಪಾಯಿ ಬಹುಮಾನವೆಂದು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ, ತಲಾ 50 ರೂಪಾಯಿಯಂತೆ 1,000 ಜನರಿಂದ 50,000 ರೂಪಾಯಿ ಪ್ರವೇಶ ಶುಲ್ಕ ಸಂಗ್ರಹವಾಗಿರಬಹುದು. ಮಾರುಕಟ್ಟೆಯಲ್ಲಿ ಚೌಕಾಶಿ ಮಾಡುವ ವರ್ತಕನು ಇಲ್ಲಿ ಒಟ್ಟು ಸಂಗ್ರಹ ಎಷ್ಟು ಎಂದು ಕೇಳುವುದನ್ನೇ ಮರೆಯುತ್ತಾನೆ.

ಇದರ ಮೇಲೆ ತೆರಿಗೆ

ಸರಕು ಮತ್ತು ಸೇವಾ ತೆರಿಗೆಯನ್ನು ಕಂಪನಿಯ ಶುಲ್ಕದ ಮೇಲೆ ಹಾಕಬೇಕೋ, ಆಟಗಾರರು ಇಟ್ಟ ಪೂರ್ತಿ ಹಣದ ಮೇಲೆ ಹಾಕಬೇಕೋ ಎಂಬ ವಿವಾದ ಬಹಳ ದೊಡ್ಡದಾಯಿತು. ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ 2022ರಲ್ಲಿ ಸುಮಾರು 21,000 ಕೋಟಿ ರೂಪಾಯಿಯ ತೆರಿಗೆ ನೋಟಿಸು ಬಂದಿತು. 2023ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶಕ್ಕೆ ತಡೆ ನೀಡಿತು. ಈ ನಡುವೆ ಜಿಎಸ್‌ಟಿ ಮಂಡಳಿಯ ನಿರ್ಧಾರದಂತೆ 2023ರ ಅಕ್ಟೋಬರ್ 1ರಿಂದ, ಆಟಗಾರನು ಜಮೆ ಮಾಡುವ ಪೂರ್ತಿ ಮೊತ್ತದ ಮೇಲೆ ಶೇ. 28 ತೆರಿಗೆ ಜಾರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಈ ದರವನ್ನು ಶೇ. 40ಕ್ಕೆ ಏರಿಸಲಾಯಿತು.

ಜಮೆಯ ಮೊತ್ತದೊಳಗೇ ತೆರಿಗೆ ಸೇರಿದೆ ಎಂದು ಲೆಕ್ಕ ಹಾಕಿದರೆ, ಶೇ. 28ರ ದರದಲ್ಲಿ 100 ರೂಪಾಯಿ ಹಾಕಿದವನಿಗೆ ಆಡಲು ಉಳಿಯುವುದು ಸುಮಾರು 78 ರೂಪಾಯಿ, ಶೇ. 40ರ ದರದಲ್ಲಿ ಸುಮಾರು 71 ರೂಪಾಯಿ. ಕೆಲವು ಕಂಪನಿಗಳು ಈ ವ್ಯತ್ಯಾಸವನ್ನು ಬೋನಸ್ ರೂಪದಲ್ಲಿ ತುಂಬಿಕೊಟ್ಟವು. ಹಾಗೆ ತುಂಬಿಕೊಡಲು ಅವರಿಗೆ ಶಕ್ಯವಾಯಿತೆಂಬುದೇ ದಲಾಲಿಯ ಗಾತ್ರವನ್ನು ಸೂಚಿಸುತ್ತದೆ.

ಆದಾಯ ತೆರಿಗೆಯ ವಿಷಯ ಇನ್ನೂ ಬಿಗಿಯಾದದ್ದು. 1961ರ ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ 115ಬಿಬಿಜೆ ವಿಭಾಗದಂತೆ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ. 30 ತೆರಿಗೆ, 194ಬಿಎ ವಿಭಾಗದಂತೆ 2023ರ ಏಪ್ರಿಲ್ 1ರಿಂದ ಮೂಲದಲ್ಲೇ ಕಡಿತ. ಒಂದು ವರ್ಷದ ಸೋಲನ್ನು ಮುಂದಿನ ವರ್ಷದ ಗೆಲುವಿನಲ್ಲಿ ಹೊಂದಿಸಿಕೊಳ್ಳುವಂತಿಲ್ಲ. ಮೊದಲ ವರ್ಷ 1,00,000 ರೂಪಾಯಿ ಸೋತು ಎರಡನೆಯ ವರ್ಷ 1,00,000 ರೂಪಾಯಿ ಗೆದ್ದವನು ತಾನು ಸರಿಸಮವಾದೆನೆಂದು ತಿಳಿಯುತ್ತಾನೆ. ವಾಸ್ತವವಾಗಿ ಎರಡನೆಯ ವರ್ಷದ ಗೆಲುವಿನ ಮೇಲೆ ಶೇ. 4ರ ಸೆಸ್ ಸೇರಿ 31,200 ರೂಪಾಯಿ ತೆರಿಗೆ ಕೊಟ್ಟಿರುತ್ತಾನೆ. ಆಟದ ಸೋಲನ್ನು ವ್ಯಾಪಾರದ ಲಾಭದಲ್ಲಿ ಕಳೆಯಲೂ ಅವಕಾಶವಿಲ್ಲ. ವ್ಯಾಪಾರದಲ್ಲಿ 6,00,000 ಗಳಿಸಿ ಆಟದಲ್ಲಿ 2,00,000 ಕಳೆದವನ ಆದಾಯವನ್ನು ಕಾನೂನು 6,00,000 ಎಂದೇ ಎಣಿಸುತ್ತದೆ, ಅವನ ಕೈಯಲ್ಲಿ ಉಳಿದಿರುವುದು 4,00,000 ಆಗಿದ್ದರೂ.

2025ರ ಕಾಯ್ದೆ ಬದಲಿಸಿದ್ದೇನು?

ಆನ್‌ಲೈನ್ ಆಟಗಳ ಪ್ರೋತ್ಸಾಹ ಮತ್ತು ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್ 21ರಂದು ಅಂಗೀಕರಿಸಿತು. ಮರುದಿನ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣದ ಆನ್‌ಲೈನ್ ಆಟಗಳಿಂದ ಸುಮಾರು 45 ಕೋಟಿ ಜನ ಬಾಧಿತರಾಗಿದ್ದು, 20,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಎಂದು ಆಗ ಕೇಂದ್ರ ಸರ್ಕಾರ ಅಂದಾಜು ನೀಡಿತು.

ಈ ಕಾಯ್ದೆ ಕೌಶಲ-ಅದೃಷ್ಟಗಳ ಹಳೆಯ ಭೇದವನ್ನು ಬದಿಗಿರಿಸಿತು. ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಬೆರೆತದ್ದಾಗಲಿ, ಹಣ ಅಥವಾ ಅದಕ್ಕೆ ಸಮಾನವಾದ ಪಣ ಇಟ್ಟು, ಹಣದ ಲಾಭ ನಿರೀಕ್ಷಿಸಿ ಆಡುವುದು ಹಣದ ಆಟವೇ ಎಂದು ವ್ಯಾಖ್ಯಾನಿಸಿತು. ಅಂತಹ ಆಟವನ್ನು ಒದಗಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ; ಜಾಹೀರಾತು ನೀಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷದವರೆಗೆ ದಂಡ; ಹಣದ ವರ್ಗಾವಣೆಗೆ ನೆರವಾದವರಿಗೆ ಆಟ ಒದಗಿಸಿದವರಷ್ಟೇ ಶಿಕ್ಷೆ. ಕೇವಲ ಆಡಿದವನಿಗೆ ಶಿಕ್ಷೆಯಿಲ್ಲ. ಪಣವಿಲ್ಲದ ಮನರಂಜನೆಯ ಆಟಗಳಿಗೂ ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾತ್ಮಕ ಆಟಗಳಿಗೂ ಅವಕಾಶವಿದೆ.

ಆ ಆಗಸ್ಟ್ ತಿಂಗಳ ಕೊನೆಯ ವಾರದೊಳಗೆ ಪ್ರಮುಖ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಒಂದು ರಮ್ಮಿ ಕಂಪನಿ ಕರ್ನಾಟಕ ಹೈಕೋರ್ಟಿನ ಮೊರೆ ಹೋಯಿತು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಕಾನೂನಿನ ಹೋರಾಟ ಯಾವ ದಿಕ್ಕಿನಲ್ಲಿ ಸಾಗಿದರೂ ದಲಾಲಿಯ ಲೆಕ್ಕ ಬದಲಾಗುವುದಿಲ್ಲ. ನಿಷೇಧವಿದ್ದರೆ ಆಟ ತಪ್ಪು; ಇಲ್ಲದಿದ್ದರೆ ಆಟ ದುಬಾರಿ.

ಗಲ್ಲಾದ ಹಣ ಯಾರದು?

ಸಂಬಳದಾರನು ಆಟದಲ್ಲಿ ಕಳೆದರೆ ಅವನ ತಿಂಗಳ ಸಂಬಳ ಕಳೆಯಬಹುದು. ವರ್ತಕನ ಸ್ಥಿತಿ ಬೇರೆ. ಅವನ ಕೈಯಲ್ಲಿ ಅವನದಲ್ಲದ ಹಣ ಸದಾ ಓಡಾಡುತ್ತಿರುತ್ತದೆ. ದಿನಕ್ಕೆ 50,000 ರೂಪಾಯಿ ವ್ಯಾಪಾರ ಮಾಡುವ, ಶೇ. 3 ಲಾಭಾಂಶದ ಒಬ್ಬ ಬೇಳೆ ವರ್ತಕನನ್ನು ಊಹಿಸಿಕೊಳ್ಳಬಹುದು. ಸಂಜೆ ಗಲ್ಲಾದಲ್ಲಿ 50,000 ಇದ್ದರೂ ಅದರಲ್ಲಿ ಅವನದು 1,500 ಮಾತ್ರ. ಉಳಿದದ್ದು ಗಿರಣಿಯವನದು, ಅಡತಿಯವನದು, ಹಮಾಲರದು, ಸರ್ಕಾರದ್ದು. ಅವನು ಒಂದು ರಾತ್ರಿ 15,000 ರೂಪಾಯಿ ಸೋತರೆ ಅದನ್ನು ತುಂಬಿಕೊಳ್ಳಲು 5,00,000 ರೂಪಾಯಿಯ ಮಾಲು ಮಾರಬೇಕು. ಅಂದರೆ ಹತ್ತು ದಿನದ ದುಡಿಮೆ. ಶೇ. 8 ಲಾಭಾಂಶದ ಕಲ್ಲು ಪಾಲಿಶ್ ಘಟಕದವನು 20,000 ಸೋತರೆ 2,50,000 ರೂಪಾಯಿಯ ಕಲ್ಲು ಸಾಗಿಸಬೇಕು.

ಈ ಕೊರತೆ ಮೊದಲು ಕಾಣಿಸಿಕೊಳ್ಳುವುದು ಮನೆಯಲ್ಲಲ್ಲ, ಬಾಜಾರಿನಲ್ಲಿ. ಜಿಎಸ್‌ಟಿ ಕಟ್ಟುವುದು ತಡವಾದರೆ ವಾರ್ಷಿಕ ಶೇ. 18 ಬಡ್ಡಿ. ಗಿರಣಿಗೆ ಕೊಡಬೇಕಾದ ಹಣ ವಾಯಿದೆ ಮೀರಿದರೆ ಮುಂದಿನ ಹಂಗಾಮಿನಲ್ಲಿ ಉದ್ರಿ ಸಿಗದು. ಪತ್ತು ಕಳೆದುಕೊಂಡ ವರ್ತಕನಿಗೆ ನಗದು ಕೊಟ್ಟು ಮಾಲು ಕೊಳ್ಳುವುದೊಂದೇ ದಾರಿ. ಆ ನಗದು ಅವನಲ್ಲಿರುವುದಿಲ್ಲ. ತೊಗರಿ ಬಾಜಾರಿಗೆ ಬರುವ ದಿನಗಳಲ್ಲಿ ಹೀಗಾದರೆ ವರ್ಷವಿಡೀ ವ್ಯಾಪಾರ ಕುಂಠಿತವಾಗುತ್ತದೆ.

ಪಾಲುದಾರಿಕೆಯ ಅಂಗಡಿಗಳಲ್ಲಿ ಇದು ಇನ್ನೂ ಸೂಕ್ಷ್ಮ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 15ನೇ ವಿಭಾಗದಂತೆ, ಪಾಲುದಾರರ ನಡುವಿನ ಕರಾರಿಗೆ ಒಳಪಟ್ಟು, ಸಂಸ್ಥೆಯ ಸ್ವತ್ತನ್ನು ಸಂಸ್ಥೆಯ ವ್ಯವಹಾರಕ್ಕೆ ಮಾತ್ರ ಬಳಸಬೇಕು. ಒಬ್ಬ ಪಾಲುದಾರನು ಸಂಸ್ಥೆಯ ಖಾತೆಯಿಂದ ಆಟಕ್ಕೆ ಹಣ ಹಾಕಿದರೆ ಅದು ಉಳಿದವರ ಹಣವನ್ನೂ ಪಣವಿಟ್ಟಂತೆ. ಅಣ್ಣ-ತಮ್ಮಂದಿರ ಅಂಗಡಿ ಒಡೆಯಲು ಇಷ್ಟು ಸಾಕು.

ಖಾತೆಯನ್ನು ಎರವಲು ಕೊಡುವ ಅಪಾಯ

ದೇಶೀಯ ಕಂಪನಿಗಳು ಹಿಂದೆ ಸರಿದರೂ, ವಿದೇಶದಿಂದ ನಡೆಯುವ ಅನಧಿಕೃತ ಆಟಗಳು ಪೂರ್ತಿಯಾಗಿ ನಿಂತಿಲ್ಲ. ಇಂತಹವರಿಗೆ ಹಣ ಸಂಗ್ರಹಿಸಲು ಸ್ಥಳೀಯ ಬ್ಯಾಂಕ್ ಖಾತೆಗಳು ಬೇಕು. ದಿನವೂ ಹತ್ತಾರು ಪಾವತಿಗಳು ಬಂದು ಹೋಗುವ ಅಂಗಡಿಯ ಚಾಲ್ತಿ ಖಾತೆ ಅವರಿಗೆ ಬಹಳ ಅನುಕೂಲ. ಅದರಲ್ಲಿ ಇನ್ನಷ್ಟು ಪಾವತಿ ಬಂದರೆ ಯಾರಿಗೂ ಸಂಶಯ ಬಾರದು. ಕಮಿಷನ್ ಕೊಡುವೆವೆಂದು ಹೇಳಿ ಖಾತೆಯನ್ನೋ, ಕ್ಯೂಆರ್ ಕೋಡನ್ನೋ ಎರವಲು ಕೇಳುವವರಿದ್ದಾರೆ. ಇದಕ್ಕೆ ಒಪ್ಪಿದ ವರ್ತಕನು ಆಡಿದವನಲ್ಲ, ಹಣ ವರ್ಗಾವಣೆಗೆ ನೆರವಾದವನು. ಕಾನೂನಿನ ಕಣ್ಣಿನಲ್ಲಿ ಇವೆರಡರ ನಡುವೆ ಬಹಳ ಅಂತರವಿದೆ. ಸೈಬರ್ ಅಪರಾಧ ತನಿಖೆಯಲ್ಲಿ ಖಾತೆ ಸ್ಥಗಿತಗೊಂಡರೆ ಮಾಲಿನ ಪಾವತಿ, ಕೂಲಿ, ತೆರಿಗೆ ಎಲ್ಲವೂ ಒಮ್ಮೆಗೇ ನಿಲ್ಲುತ್ತವೆ.

ಕೈಗೊಳ್ಳಬಹುದಾದ ಕ್ರಮಗಳು

ಅಂಗಡಿಯ ಖಾತೆ ಮತ್ತು ಮನೆಯ ಖಾತೆಗಳನ್ನು ಬೇರೆಬೇರೆ ಇಡುವುದು ಮೊದಲ ಕೆಲಸ. ಮಾಲೀಕನು ಸ್ವಂತಕ್ಕೆ ತೆಗೆದುಕೊಳ್ಳುವ ಮೊತ್ತವನ್ನು ತಿಂಗಳಿಗೆ ಇಷ್ಟೆಂದು ನಿಗದಿಪಡಿಸಿ, ಸ್ವಂತ ಖರ್ಚಿನ ಖಾತೆಯಲ್ಲಿಯೇ ಬರೆಯಬೇಕು. ಅಂಗಡಿಯ ಯುಪಿಐ ಇರುವ ಮೊಬೈಲು ಅಂಗಡಿಯಲ್ಲಿಯೇ ಉಳಿಯಬೇಕು; ಅದರ ಪಿನ್ ಗುಮಾಸ್ತರಿಗಾಗಲಿ ಮಕ್ಕಳಿಗಾಗಲಿ ತಿಳಿದಿರಬಾರದು. ವಾರಕ್ಕೊಮ್ಮೆ ಬ್ಯಾಂಕ್ ಪಟ್ಟಿಯನ್ನು ಕಿರ್ದಿಯೊಡನೆ ತಾಳೆ ನೋಡಿದರೆ ಸಣ್ಣ ಸಣ್ಣ ಮೊತ್ತಗಳ ಅಪರಿಚಿತ ಪಾವತಿಗಳು ಆರಂಭದಲ್ಲಿಯೇ ಕಣ್ಣಿಗೆ ಬೀಳುತ್ತವೆ. ಹಿಂದೆ ಗೆದ್ದಿರುವವರು ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯನ್ನು ಪರಿಶೀಲಿಸಿ, ಆ ಮೊತ್ತವನ್ನು ವಿವರಪಟ್ಟಿಯಲ್ಲಿ ತೋರಿಸಿರುವರೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಮೂಲದಲ್ಲಿ ಕಡಿತವಾದ ಪ್ರತಿ ರೂಪಾಯಿಯೂ ಇಲಾಖೆಗೆ ತಿಳಿದೇ ಇರುತ್ತದೆ.

ಕೆಲಸಗಾರರಲ್ಲಿ ಯಾರಾದರೂ ಪದೇ ಪದೇ ಮುಂಗಡ ಕೇಳುತ್ತಿದ್ದರೆ ಕಾರಣವನ್ನು ಗದರದೆ ವಿಚಾರಿಸಬೇಕು. ಸೋತವನು ನಾಚಿಕೆಯಿಂದ ಮುಚ್ಚಿಡುತ್ತಾನೆ. ಮುಚ್ಚಿಟ್ಟಷ್ಟೂ ಸಾಲ ಬೆಳೆಯುತ್ತದೆ. ಆಟದ ಚಟ ಹತ್ತಿದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸೆಯ ವ್ಯವಸ್ಥೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಹಬ್ಬದ ದಿನ ಮನೆಯವರು, ಗೆಳೆಯರು ಹಣವಿಲ್ಲದೆ ಕೂಡಿ ಆಡುವ ಇಸ್ಪೀಟಾಟಕ್ಕೆ ಈ ಯಾವ ಲೆಕ್ಕವೂ ಅಡ್ಡಿಯಲ್ಲ. ಬಹುಮಾನದ ಆಸೆ ತೋರಿಸಿ ಪಣ ಕೇಳುವವನು ಎದುರಾದಾಗ ಮಾತ್ರ ವರ್ತಕನು ತನ್ನ ಕಸುಬಿನ ಪ್ರಶ್ನೆಯನ್ನು ಕೇಳಬೇಕು. ಶೇ. 3 ಲಾಭಕ್ಕಾಗಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವನು, ಪ್ರತಿ ಸುತ್ತಿಗೆ ಶೇ. 10 ದಲಾಲಿ ತೆರುವ ವ್ಯವಹಾರಕ್ಕೆ ಕೈಹಾಕುವುದು ಯಾವ ಲೆಕ್ಕದಲ್ಲಿಯೂ ಕೂಡಿಬರುವುದಿಲ್ಲ.